ನಿಮ್ಮ ನಾಲಿಗೆಗೆ ಒಗ್ಗುವ ವಿಸ್ಕಿ: ಬಾಟಲಿಗೆ ದುಡ್ಡು ಕೊಡುವ ಮೊದಲು ಇಷ್ಟು ಮಾಡಿ

"ಒಂದು ಒಳ್ಳೆ ವಿಸ್ಕಿ ಹೇಳಿ." ಈ ಮಾತನ್ನು ಎಷ್ಟು ಸಲ ಕೇಳಿದ್ದೇನೋ ಲೆಕ್ಕವಿಲ್ಲ. ದುಬೈಯಿಂದ ಭಾವ ಬರುತ್ತಿದ್ದಾರೆ, ಡ್ಯೂಟಿ ಫ್ರೀಯಲ್ಲಿ ಏನು ತರಿಸಲಿ ಅಂತ ಒಬ್ಬರು. ಬಿಯರ್ ಸಾಕಾಗಿದೆ, ವಿಸ್ಕಿ ಶುರು ಮಾಡೋಣ ಅಂತ ಒಬ್ಬರು. ರಿಟೈರ್ ಆಗುವ ಮೇಲಧಿಕಾರಿಗೆ ಗಿಫ್ಟ್ ಕೊಡಬೇಕು ಅಂತ ಇನ್ನೊಬ್ಬರು. ಎಲ್ಲರಿಗೂ ನಾನು ತಿರುಗಿ ಕೇಳುವುದು ಒಂದೇ: ನಿಮಗೆ ಕಾಫಿ ಹೇಗಿರಬೇಕು?

ತಮಾಷೆ ಅಲ್ಲ. ಚಿಕೋರಿ ಹಾಕಿದ ಗಟ್ಟಿ ಡಿಕಾಕ್ಷನ್ ಬೇಕು ಅನ್ನುವವರಿಗೂ, ಹಾಲು ಸಕ್ಕರೆ ಜಾಸ್ತಿ ಇರಲಿ ಅನ್ನುವವರಿಗೂ ಒಂದೇ ಬಾಟಲಿ ತೋರಿಸಿದರೆ ಇಬ್ಬರಲ್ಲಿ ಒಬ್ಬರು ನನ್ನನ್ನು ಬೈಯುತ್ತಾರೆ. ಎಲ್ಲರಿಗೂ ಒಗ್ಗುವ ಒಳ್ಳೆ ವಿಸ್ಕಿ ಅಂತ ಒಂದಿಲ್ಲ. ಆದ್ದರಿಂದ ಇಲ್ಲಿ ಹೆಸರುಗಳ ಪಟ್ಟಿ ಕೊಡುವುದಕ್ಕಿಂತ, ನಿಮ್ಮ ನಾಲಿಗೆ ಯಾವ ಕಡೆ ವಾಲುತ್ತದೆ ಅಂತ ನೀವೇ ಕಂಡುಕೊಳ್ಳುವ ದಾರಿ ಹೇಳುತ್ತೇನೆ. ಒಂದು ಸಂಜೆಯ ಕೆಲಸ.

ಮೊದಲೇ ಎರಡು ಮಾತು. ಇದು ಈಗಾಗಲೇ ಕುಡಿಯುವವರಿಗೆ ಬರೆದದ್ದು, ಕುಡಿಯದವರು ಶುರು ಮಾಡಲಿ ಅಂತ ಅಲ್ಲ. ಕರ್ನಾಟಕದಲ್ಲಿ 21 ವರ್ಷ ತುಂಬದವರಿಗೆ ಮದ್ಯ ಮಾರುವಂತಿಲ್ಲ. ಇಷ್ಟು ಕುಡಿದರೆ ಏನೂ ಅಪಾಯವಿಲ್ಲ ಅನ್ನುವ ಪ್ರಮಾಣವೇ ಇಲ್ಲ ಅಂತ ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಹೇಳಿದೆ. ಬಿ.ಪಿ., ಶುಗರ್ ಅಥವಾ ನಿದ್ದೆಯ ಮಾತ್ರೆ ತೆಗೆದುಕೊಳ್ಳುವವರು ಮೊದಲು ಡಾಕ್ಟರನ್ನು ಕೇಳಿ. ಗರ್ಭಿಣಿಯರು ಪೂರ್ತಿ ದೂರವಿರಬೇಕು.

ಬೇಕಾಗುವ ಸಾಮಾನು

ಮೂರು ಗ್ಲಾಸು. ಹೊಟ್ಟೆ ಅಗಲ, ಬಾಯಿ ಕಿರಿದು ಇರುವಂಥವು. ವಿಸ್ಕಿಗೆಂದೇ ಮಾಡಿದ ಗ್ಲೆನ್‌ಕೈರ್ನ್ ಅನ್ನುವ ಗ್ಲಾಸು ಬರುತ್ತದೆ, ಇದ್ದರೆ ಒಳ್ಳೆಯದು. ಇಲ್ಲದಿದ್ದರೆ ಸಣ್ಣ ವೈನ್ ಗ್ಲಾಸ್ ಸಾಕು. ಸ್ಟೀಲ್ ಲೋಟ ಬೇಡ, ವಾಸನೆಯೆಲ್ಲ ಹಾರಿಹೋಗುತ್ತದೆ.

ಕೆಮ್ಮಿನ ಸಿರಪ್ ಜೊತೆ ಬರುವ, ಎಂಎಲ್ ಗೆರೆ ಹಾಕಿದ ಅಳತೆ ಮುಚ್ಚಳ. ಚೆನ್ನಾಗಿ ತೊಳೆದಿಡಿ. ಒಂದು ಟೀ ಚಮಚ. ಫಿಲ್ಟರ್ ನೀರು, ಬೋರ್‌ವೆಲ್ ನೀರಿನ ಒಗರು ವಿಸ್ಕಿಯ ರುಚಿಯನ್ನು ತಿಂದುಹಾಕುತ್ತದೆ. ಒಂದು ನೋಟ್‌ಬುಕ್. ಜೊತೆಗೆ ಇಬ್ಬರು ಸ್ನೇಹಿತರು. ಖರ್ಚು ಮೂರು ಭಾಗವಾಗುತ್ತದೆ, ಕುಡಿಯುವುದೂ ಕಡಿಮೆಯಾಗುತ್ತದೆ.

1. ನಿಮ್ಮ ಇಷ್ಟಗಳನ್ನು ಮೊದಲು ಬರೆದುಕೊಳ್ಳಿ

ವಿಸ್ಕಿಯ ಹೆಸರೇ ಎತ್ತಬೇಡಿ. ತಿಂಡಿ ತಿನಿಸಿನ ಹೆಸರು ಬರೆಯಿರಿ. ಒಬ್ಬಟ್ಟು, ಹಾಲುಖೋವ, ವೆನಿಲ್ಲಾ ಐಸ್‌ಕ್ರೀಂ ಕಂಡರೆ ಬಿಡುವುದಿಲ್ಲವೇ? ಒಣದ್ರಾಕ್ಷಿ, ಅಂಜೂರ, ಖರ್ಜೂರ, ಕ್ರಿಸ್‌ಮಸ್ ಪ್ಲಮ್ ಕೇಕ್ ಇಷ್ಟವೇ? ಕೆಂಡದಲ್ಲಿ ಸುಟ್ಟ ಬದನೆಕಾಯಿ ಗೊಜ್ಜು, ಒಣಮೀನು, ಹಂಡೆ ಒಲೆಯ ಹೊಗೆ ಸೇರಿದ ಬಿಸಿನೀರಿನ ವಾಸನೆ ಅಂದರೆ ಮೂಗು ಅರಳುತ್ತದೆಯೇ? ಲವಂಗ, ಚಕ್ಕೆ, ಕರಿಮೆಣಸು?

ಈ ನಾಲ್ಕು ಗುಂಪುಗಳಲ್ಲಿ ಯಾವುದಕ್ಕೆ ಮೊದಲು ಟಿಕ್ ಹಾಕಿದಿರೋ ಅದನ್ನು ನೆನಪಿಡಿ. ಐದನೇ ಹಂತದಲ್ಲಿ ಬೇಕಾಗುತ್ತದೆ.

2. ಲೇಬಲ್ ಓದುವುದು ಕಲಿಯಿರಿ

ಜನ ಅತಿ ಹೆಚ್ಚು ದುಡ್ಡು ಕಳೆದುಕೊಳ್ಳುವುದು ಇಲ್ಲೇ. ಹಾಗಾಗಿ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

ಮಾಲ್ಟ್ ಅಂದರೆ ಮೊಳಕೆ ಬರಿಸಿ ಒಣಗಿಸಿದ ಧಾನ್ಯ. ನಮ್ಮ ಮನೆಗಳಲ್ಲಿ ರಾಗಿ ನೆನೆಸಿ, ಬಟ್ಟೆಯಲ್ಲಿ ಕಟ್ಟಿ, ಮೊಳಕೆ ಬಂದ ಮೇಲೆ ಒಣಗಿಸಿ ಪುಡಿ ಮಾಡುತ್ತೇವಲ್ಲ, ಅದೇ ಕೆಲಸ. ಅಲ್ಲಿ ರಾಗಿ, ಇಲ್ಲಿ ಬಾರ್ಲಿ. ಮೊಳಕೆ ಬಂದಾಗ ಕಾಳಿನೊಳಗಿನ ಹಿಟ್ಟನ್ನು ಸಿಹಿಯಾಗಿಸುವ ಶಕ್ತಿ ಹುಟ್ಟುತ್ತದೆ. ಆ ಸಿಹಿಯನ್ನು ಹುಳಿ ಬರಿಸಿ, ಬಟ್ಟಿ ಇಳಿಸಿ, ಓಕ್ ಮರದ ಪೀಪಾಯಿಯಲ್ಲಿ ವರ್ಷಗಟ್ಟಲೆ ಇಟ್ಟರೆ ವಿಸ್ಕಿ.

ಸಿಂಗಲ್ ಮಾಲ್ಟ್ ಅಂದರೆ ಒಂದೇ ಪೀಪಾಯಿಯದು ಅಂತ ಬಹಳ ಜನ ತಿಳಿದಿದ್ದಾರೆ. ಅಲ್ಲ. ಒಂದೇ ಡಿಸ್ಟಿಲರಿಯಲ್ಲಿ, ಅಂದರೆ ಬಟ್ಟಿ ಇಳಿಸುವ ಕಾರ್ಖಾನೆಯಲ್ಲಿ, ಮೊಳಕೆ ಬಾರ್ಲಿಯಿಂದ ಮಾತ್ರ ಮಾಡಿದ್ದು ಅಂತ ಅರ್ಥ. ನೂರಾರು ಪೀಪಾಯಿಗಳ ಸರಕು ಸೇರಿಸಿದರೂ ಅದು ಸಿಂಗಲ್ ಮಾಲ್ಟೇ. ಹಲವು ಡಿಸ್ಟಿಲರಿಗಳ ಮಾಲ್ಟುಗಳನ್ನಷ್ಟೇ ಬೆರೆಸಿದರೆ ಬ್ಲೆಂಡೆಡ್ ಮಾಲ್ಟ್. ಜಾನಿ ವಾಕರ್ ಗ್ರೀನ್ ಲೇಬಲ್ ಈ ಜಾತಿಯದು. ಮಾಲ್ಟ್ ಜೊತೆ ಗೋಧಿ, ಜೋಳದಂಥ ಬೇರೆ ಧಾನ್ಯದ ವಿಸ್ಕಿಯನ್ನೂ ಬೆರೆಸಿದರೆ ಬ್ಲೆಂಡೆಡ್. ರೆಡ್ ಲೇಬಲ್, ಬ್ಲ್ಯಾಕ್ ಲೇಬಲ್, ಶಿವಾಸ್, ಟೀಚರ್ಸ್ ಎಲ್ಲ ಇದೇ ಸಾಲು. ಸಿಂಗಲ್ ಮಾಲ್ಟ್ ಮೇಲು, ಬ್ಲೆಂಡ್ ಕೀಳು ಅನ್ನುವುದು ಸುಮ್ನೆ ಜಂಬದ ಮಾತು. ಒಂದೇ ತೋಟದ ಕಾಫಿಬೀಜಕ್ಕೂ, ನಿಮ್ಮ ಅಂಗಡಿಯವನು ನಾಲ್ಕು ಬೀಜ ಸೇರಿಸಿ ಹುರಿದು ಕೊಡುವ ಪುಡಿಗೂ ಇರುವಷ್ಟೇ ವ್ಯತ್ಯಾಸ.

ಸ್ಕಾಚ್ ಅಂತ ಬರೆಯಬೇಕಾದರೆ ಸ್ಕಾಟ್ಲೆಂಡಿನಲ್ಲೇ ತಯಾರಾಗಿ, ಅಲ್ಲೇ ಓಕ್ ಪೀಪಾಯಿಯಲ್ಲಿ ಕನಿಷ್ಠ 3 ವರ್ಷ ಕಳೆದಿರಬೇಕು. ಆಲ್ಕೋಹಾಲ್ 40 ಶೇಕಡಕ್ಕಿಂತ ಕಡಿಮೆ ಇರಬಾರದು. ಬರ್ಬನ್ ಅಮೆರಿಕದ್ದು. ಅದರಲ್ಲಿ ಕನಿಷ್ಠ 51 ಶೇಕಡ ಮೆಕ್ಕೆಜೋಳ ಇರಬೇಕು, ಒಳಗೋಡೆ ಸುಟ್ಟ ಹೊಸ ಓಕ್ ಪೀಪಾಯಿಯಲ್ಲೇ ಇಡಬೇಕು. ಈ 'ಹೊಸ' ಅನ್ನುವ ಕಟ್ಟಳೆಯಿಂದ ಒಂದು ಸಲ ಬಳಸಿದ ಪೀಪಾಯಿ ಬರ್ಬನ್‌ನವರಿಗೆ ಮತ್ತೆ ಉಪಯೋಗಕ್ಕೆ ಬರುವುದಿಲ್ಲ. ಅದನ್ನು ಸ್ಕಾಟ್ಲೆಂಡಿನವರೂ ನಮ್ಮ ಬೆಂಗಳೂರಿನ ವಿಸ್ಕಿ ಕಂಪನಿ ಅಮೃತ್‌ನವರೂ ಕೊಂಡು ತಮ್ಮ ವಿಸ್ಕಿ ತುಂಬುತ್ತಾರೆ. ಐರಿಶ್ ವಿಸ್ಕಿಯನ್ನು ಸಾಮಾನ್ಯವಾಗಿ ಮೂರು ಸಲ ಬಟ್ಟಿ ಇಳಿಸುತ್ತಾರೆ, ಅದಕ್ಕೇ ಅದು ಹಗುರ, ಗಂಟಲಿಗೆ ನುಣುಪು.

ಇನ್ನು ನಮ್ಮ ವೈನ್ ಶಾಪುಗಳಲ್ಲಿ ಕ್ವಾರ್ಟರ್ ಲೆಕ್ಕದಲ್ಲಿ ಹೋಗುವ ಅಗ್ಗದ 'ವಿಸ್ಕಿ'. ಅದರ ಬಹುಪಾಲು ಕಾಕಂಬಿಯಿಂದ, ಅಂದರೆ ಸಕ್ಕರೆ ಕಾರ್ಖಾನೆಯ ಉಳಿಕೆ ಪಾಕದಿಂದ, ಅಥವಾ ಧಾನ್ಯದಿಂದ ತೆಗೆದ ರುಚಿಯಿಲ್ಲದ ಸ್ಪಿರಿಟ್. ಅದಕ್ಕೆ ಸ್ವಲ್ಪ ಮಾಲ್ಟ್, ಬಣ್ಣ, ಪರಿಮಳ ಸೇರಿರುತ್ತದೆ. ಕಾಕಂಬಿಯದನ್ನು ಯುರೋಪಿನಲ್ಲಿ ವಿಸ್ಕಿ ಅಂತ ಹೆಸರಿಟ್ಟು ಮಾರುವ ಹಾಗೇ ಇಲ್ಲ. ಸೋಡಾ, ಕಾಂಗ್ರೆಸ್ ಕಡಲೆಕಾಯಿ ಜೊತೆ ಕುಡಿಯುವವರು ಕುಡಿಯಲಿ, ನನ್ನ ತಕರಾರಿಲ್ಲ. ಆದರೆ ನಿಮ್ಮ ರುಚಿ ಯಾವುದು ಅಂತ ಕಂಡುಹಿಡಿಯಲು ಅದು ಉಪಯೋಗಕ್ಕೆ ಬರುವುದಿಲ್ಲ. ವಿಸ್ಕಿಯ ರುಚಿ ಬರುವುದು ಧಾನ್ಯ, ಹೊಗೆ, ಮರ ಈ ಮೂರರಿಂದ. ಅಲ್ಲಿ ಆ ಮೂರೂ ಲೆಕ್ಕಕ್ಕಷ್ಟೇ.

42.8 ಅನ್ನುವ ವಿಚಿತ್ರ ಸಂಖ್ಯೆ ನೋಡಿದ್ದೀರಲ್ಲ? ನಮ್ಮ ದೇಶದಲ್ಲಿ ತುಂಬಿದ ಬಹುತೇಕ ಬಾಟಲಿಗಳ ಮೇಲೆ ಇದೇ ಇರುತ್ತದೆ. ಅದು ಬ್ರಿಟಿಷರ ಕಾಲದ ಲೆಕ್ಕ. ಅವರ ಅಳತೆಯಲ್ಲಿ 57.1 ಶೇಕಡ ಆಲ್ಕೋಹಾಲ್ ಅಂದರೆ 100 ಪ್ರೂಫ್. ಅದರ ಮುಕ್ಕಾಲು, 75 ಪ್ರೂಫ್, ನಮ್ಮ 42.8. ಲೇಬಲ್ಲಿನಲ್ಲಿ '25 ಯು.ಪಿ.' ಅಂತ ಇದ್ದರೂ ಇದೇ ಅರ್ಥ, ಪ್ರೂಫ್‌ಗಿಂತ 25 ಕಡಿಮೆ.

ಈಗ ವಯಸ್ಸು. 12 ಅಂತ ಇದ್ದರೆ ಬಾಟಲಿಯೊಳಗಿನ ಅತಿ ಎಳೆಯ ವಿಸ್ಕಿಗೂ 12 ವರ್ಷ ಆಗಿದೆ ಅಂತ ಅರ್ಥ. ಪೀಪಾಯಿಯಲ್ಲಿ ಕಳೆದ ವರ್ಷ ಮಾತ್ರ ಲೆಕ್ಕ. ನಿಮ್ಮ ಮಾವನವರ ಬೀರುವಿನಲ್ಲಿ 20 ವರ್ಷ ಕೂತರೂ 12 ವರ್ಷದ್ದು 12ರದ್ದೇ. ವಯಸ್ಸು ಜಾಸ್ತಿಯಾದಷ್ಟೂ ರುಚಿ ಜಾಸ್ತಿ ಅನ್ನುವುದೂ ತಪ್ಪು. ಪೀಪಾಯಿಯಿಂದ ವರ್ಷ ವರ್ಷ ಒಂದಿಷ್ಟು ಆವಿಯಾಗಿ ಹೋಗುತ್ತದೆ. ಅದಕ್ಕೆ 'ದೇವತೆಗಳ ಪಾಲು' ಅಂತ ಹೆಸರು. ಸ್ಕಾಟ್ಲೆಂಡಿನ ಚಳಿಯಲ್ಲಿ ಇದು ವರ್ಷಕ್ಕೆ ಸುಮಾರು 2 ಶೇಕಡ. ಬೆಂಗಳೂರಿನಲ್ಲಿ 10ರಿಂದ 12. ಲೆಕ್ಕ ಹಾಕಿ: ಅಲ್ಲಿ 200 ಲೀಟರ್ ತುಂಬಿಟ್ಟರೆ 12 ವರ್ಷದ ನಂತರವೂ ಸುಮಾರು 157 ಲೀಟರ್ ಸಿಗುತ್ತದೆ. ಇಲ್ಲಿ 5 ವರ್ಷಕ್ಕೇ 112ಕ್ಕೆ ಇಳಿಯುತ್ತದೆ. ಸೆಕೆಯಿಂದ ಮರದ ಸಾರವೂ ಬೇಗ ಇಳಿಯುತ್ತದೆ. ಅದಕ್ಕೇ ಅಮೃತ್, ಗೋವಾದ ಪಾಲ್ ಜಾನ್ ಬಾಟಲಿಗಳ ಮೇಲೆ ಸಾಮಾನ್ಯವಾಗಿ ವಯಸ್ಸು ಇರುವುದಿಲ್ಲ. ಅದನ್ನು ನೋಡಿ 'ಎಳೇದು' ಅಂತ ಮೂಗು ಮುರಿಯಬೇಡಿ. ಅಮೃತ್‌ನವರು 8 ವರ್ಷ ಇಟ್ಟ ಒಂದು ವಿಸ್ಕಿಗೆ 'ಗ್ರೀಡಿ ಏಂಜಲ್ಸ್', ದುರಾಸೆಯ ದೇವತೆಗಳು, ಅಂತಲೇ ಹೆಸರಿಟ್ಟರು. ಮುಕ್ಕಾಲು ಪಾಲು ಆ ದೇವತೆಗಳೇ ಕುಡಿದುಬಿಟ್ಟರೆ ಇನ್ನೇನು ಹೆಸರಿಡುತ್ತಾರೆ!

ಬಣ್ಣ ನೋಡಿ ಕೊಳ್ಳಬೇಡಿ. ಸ್ಕಾಚ್‌ಗೆ ಕ್ಯಾರಮೆಲ್ ಬಣ್ಣ ಸೇರಿಸಲು ಅವಕಾಶವಿದೆ. ಗಾಢ ಕಂದು ಬಣ್ಣವಿದ್ದರೆ ರುಚಿಯೂ ಗಾಢ ಅಂತ ಏನೂ ಇಲ್ಲ.

3. ಮೂರು ಗ್ಲಾಸಿನ ಪರೀಕ್ಷೆ

ಮೂರು ತರಹದ ವಿಸ್ಕಿ ಬೇಕು. ಒಂದು, ಬರ್ಬನ್ ಪೀಪಾಯಿಯಲ್ಲಿ ಇಟ್ಟದ್ದು, ಹೊಗೆ ಇಲ್ಲದ್ದು. ಎರಡು, ಶೆರಿ ಪೀಪಾಯಿಯದು. ಶೆರಿ ಅಂದರೆ ಸ್ಪೇನಿನ ಒಂದು ಬಗೆಯ ಗಟ್ಟಿ ವೈನ್, ಅದು ತುಂಬಿದ್ದ ಪೀಪಾಯಿ ವಿಸ್ಕಿಗೆ ಒಣಹಣ್ಣಿನ ರುಚಿ ಕೊಡುತ್ತದೆ. ಮೂರು, ಪೀಟ್ ಹೊಗೆಯದು. ಪೀಟ್ ಅಂದರೆ ಜವುಗು ನೆಲದಲ್ಲಿ ಗಿಡಗಂಟಿ ಸಾವಿರಾರು ವರ್ಷ ಅರೆಬರೆ ಕೊಳೆತು ಆದ ಮಣ್ಣು. ಸ್ಕಾಟ್ಲೆಂಡಿನಲ್ಲಿ ಅದನ್ನು ಇಟ್ಟಿಗೆಯಂತೆ ಕಡಿದು ಒಣಗಿಸಿ ಉರುವಲು ಮಾಡುತ್ತಾರೆ. ಮೊಳಕೆ ಬಾರ್ಲಿಯನ್ನು ಅದರ ಹೊಗೆಯಲ್ಲಿ ಒಣಗಿಸಿದರೆ ಆ ಹೊಗೆ ಬಾಟಲಿಯವರೆಗೂ ಬರುತ್ತದೆ.

ಉದಾಹರಣೆಗೆ: ಮೊದಲನೆಯದಕ್ಕೆ ಪಾಲ್ ಜಾನ್ ಬ್ರಿಲಿಯನ್ಸ್ ಅಥವಾ ಗ್ಲೆನ್‌ಮೊರಾಂಜಿ ಒರಿಜಿನಲ್. ಎರಡನೆಯದಕ್ಕೆ ಗ್ಲೆನ್‌ಡ್ರೊನಾಕ್ 12 ಅಥವಾ ಮೆಕಾಲನ್ 12 ಶೆರಿ ಓಕ್. ಮೂರನೆಯದಕ್ಕೆ ಅಮೃತ್ ಪೀಟೆಡ್, ಪಾಲ್ ಜಾನ್ ಬೋಲ್ಡ್ ಅಥವಾ ಲಫ್ರೋಯ್ಗ್ 10. ಮೂರೂ ಫುಲ್ ಬಾಟಲಿ ಕೊಂಡರೆ ಮನೆಯ ಬಜೆಟ್ ಕುಸಿಯುತ್ತದೆ. ಹಾಗಾಗಿ ಒಳ್ಳೆ ಬಾರಿಗೆ ಹೋಗಿ ತಲಾ ಒಂದು ಸ್ಮಾಲ್, ಅಂದರೆ 30 ಎಂಎಲ್, ತರಿಸಿ ಮೂವರು ಹಂಚಿಕೊಳ್ಳಿ. ಬಾಟಲಿಯನ್ನು ಟೇಬಲ್ಲಿಗೆ ತಂದು ಸುರಿಯಲು ಹೇಳಿ, ನಾಚಿಕೆ ಬೇಡ. ಕೈ ಇನ್ನೂ ಬಿಗಿ ಇದ್ದರೆ ಐರಿಶ್ ವಿಸ್ಕಿ ಜೇಮ್ಸನ್ ಮತ್ತು ಟೀಚರ್ಸ್ ಎರಡನ್ನೇ ಅಕ್ಕಪಕ್ಕ ಇಟ್ಟು ನೋಡಿ. ಒಂದು ಹಗುರ, ಇನ್ನೊಂದರಲ್ಲಿ ಹೊಗೆ ಎಳೆ ಎಳೆಯಾಗಿ ಸಿಗುತ್ತದೆ. ಅಷ್ಟಕ್ಕೇ ಅರ್ಧ ಉತ್ತರ ಗೊತ್ತಾಗುತ್ತದೆ.

ಮನೆಯಲ್ಲಿ ಮಾಡುವುದಾದರೆ ದೇವರ ಮನೆಯ ಊದುಬತ್ತಿ ಆರಿ, ಅಡುಗೆಮನೆಯ ಒಗ್ಗರಣೆ ವಾಸನೆ ಹೋದ ಮೇಲೆ ಕೂರಿ. ಹೊಟ್ಟೆ ಖಾಲಿ ಇರಬಾರದು. ಆದರೆ ಎಲೆ ಅಡಿಕೆ, ಸಿಗರೇಟು, ಉಪ್ಪಿನಕಾಯಿ ಮುಟ್ಟಿ ಒಂದು ಗಂಟೆಯಾದರೂ ಆಗಿರಬೇಕು. ನೆಂಚಿಕೊಳ್ಳಲು ಏನಿದ್ದರೂ ಪರೀಕ್ಷೆ ಮುಗಿದ ಮೇಲೆ. ಚಿಲ್ಲಿ ಚಿಕನ್ ತಿಂದ ಬಾಯಿಗೆ ಅಮೃತ್ ಕೊಟ್ಟರೂ ಅಷ್ಟೇ, ಆಯುರ್ವೇದದ ಕಷಾಯ ಕೊಟ್ಟರೂ ಅಷ್ಟೇ.

ಪ್ರತಿ ಗ್ಲಾಸಿಗೆ 15 ಎಂಎಲ್ ಸುರಿಯಿರಿ. ಐಸ್ ಬೇಡ, ಸೋಡಾ ಬೇಡ. ಹಗುರವಾದದ್ದು ಮೊದಲು, ಹೊಗೆಯದು ಕೊನೆಗೆ. ಹೊಗೆ ಒಮ್ಮೆ ನಾಲಿಗೆಗೆ ಅಂಟಿದರೆ ಆಮೇಲೆ ಬೇರೆ ಏನೂ ತಿಳಿಯುವುದಿಲ್ಲ. ಮೂಗನ್ನು ಗ್ಲಾಸಿನೊಳಗೆ ತುರುಕಬೇಡಿ, ಸ್ಪಿರಿಟ್ ಹೊಡೆದು ಕಣ್ಣಲ್ಲಿ ನೀರು ಬರುತ್ತದೆ. ಗ್ಲಾಸನ್ನು ಗಲ್ಲದ ಹತ್ತಿರ ಹಿಡಿಯಿರಿ, ಬಾಯಿ ಸ್ವಲ್ಪ ತೆರೆದಿಟ್ಟು ಮೆಲ್ಲಗೆ ಉಸಿರು ಎಳೆಯಿರಿ. ಮೊದಲ ಗುಟುಕು ಲೆಕ್ಕಕ್ಕಿಲ್ಲ. ಅದು ಬಾಯಿಗೆ 'ಬರುತ್ತಿದ್ದೇನೆ' ಅಂತ ಹೇಳುವುದಕ್ಕೆ. ಎರಡನೆಯದನ್ನು ಅರ್ಧ ಚಮಚದಷ್ಟು ತೆಗೆದುಕೊಂಡು ನಾಲಿಗೆಯ ಮೇಲೆ ಹೊರಳಾಡಿಸಿ. ಮನಸ್ಸಿನಲ್ಲೇ ಹತ್ತರವರೆಗೆ ಎಣಿಸಿ ನುಂಗಿ. ನುಂಗಿದ ಮೇಲೆ ಬಾಯಿ ಮುಚ್ಚಿ ಮೂಗಿನಿಂದ ಉಸಿರು ಬಿಡಿ. ನಿಜವಾದ ರುಚಿ ಆ ಉಸಿರಿನಲ್ಲಿದೆ.

ಅನ್ನಿಸಿದ್ದನ್ನು ತಕ್ಷಣ ಬರೆಯಿರಿ, ನಿಮ್ಮ ಮನೆಯ ಮಾತಿನಲ್ಲೇ. ಬಾಟಲಿಯ ಹಿಂದೆ ಬರೆದಿರುವ ಹಣ್ಣುಗಳನ್ನು ನಾವು ಕಂಡೇ ಇರುವುದಿಲ್ಲ. ನನ್ನ ನೋಟ್‌ಬುಕ್ಕಿನಲ್ಲಿ ಇರುವುದು ಹೀಗೆ: 'ಬೆಲ್ಲದ ಎಳೆಪಾಕ', 'ಹುರಿಹಿಟ್ಟು', 'ಮೂಸಂಬಿ ಸಿಪ್ಪೆ', 'ಕೊಬ್ಬರಿ ಮಿಠಾಯಿ', 'ಅಜ್ಜನ ಕಂಬಳಿ', 'ಗಾಯಕ್ಕೆ ಹಚ್ಚುವ ಟಿಂಚರ್'. ಕೊನೆಯದು ಬೈಗುಳ ಅಲ್ಲ. ಸ್ಕಾಟ್ಲೆಂಡಿನ ಐಲಾ ದ್ವೀಪದ ಎಷ್ಟೋ ವಿಸ್ಕಿಗಳ ಗುರುತೇ ಆ ಟಿಂಚರ್ ವಾಸನೆ. ನಾನು ಮೊದಲ ಸಲ ಸಿಂಗಲ್ ಮಾಲ್ಟ್ ಕೊಂಡದ್ದು ಅಂಥದ್ದೊಂದನ್ನೇ. ಯಾರೋ ಹೇಳಿದರು ಅಂತ ದುಬಾರಿ ಬಾಟಲಿ ತಂದು, ಒಂದು ಗುಟುಕಿಗೆ ಆಸ್ಪತ್ರೆ ವಾರ್ಡು ನೆನಪಾಗಿ, ಎರಡು ವರ್ಷ ಬೀರುವಿನಲ್ಲಿಟ್ಟಿದ್ದೆ. ಈಗ ಅದು ಇಷ್ಟ. ಆದರೆ ಶುರು ಮಾಡಲು ಅದು ಜಾಗ ಅಲ್ಲ.

ಇನ್ನೊಂದು ಕಿವಿಮಾತು. ಯಾವ ಗ್ಲಾಸಿನಲ್ಲಿ ಯಾವುದಿದೆ ಅಂತ ನಿಮಗೆ ಗೊತ್ತಿರಬಾರದು. ತಳಕ್ಕೆ ನಂಬರ್ ಚೀಟಿ ಅಂಟಿಸಿ ಮನೆಯವರ ಕೈಯಲ್ಲಿ ಸುರಿಸಿ. ಹೊಗೆಯದನ್ನು ಮಾತ್ರ ಕೊನೆಗಿಡಲು ಹೇಳಿದರೆ ಸಾಕು. ರೇಟು ಗೊತ್ತಿದ್ದರೆ ನಾಲಿಗೆ ಸುಳ್ಳು ಹೇಳುತ್ತದೆ.

ಮುಗಿದ ಮೇಲೆ ಗ್ಲಾಸುಗಳನ್ನು ತೊಳೆಯದೆ ಹಾಗೇ ಬಿಡಿ. ಬೆಳಗ್ಗೆ ಎದ್ದು ಮೂಸಿ. ಸ್ಪಿರಿಟ್ ಹಾರಿಹೋಗಿ ಮರ ಮತ್ತು ಹೊಗೆಯ ವಾಸನೆಯಷ್ಟೇ ಉಳಿದಿರುತ್ತದೆ. ಶೆರಿಯ ಗ್ಲಾಸಿನಲ್ಲಿ ಒಣದ್ರಾಕ್ಷಿ ಡಬ್ಬಿ ತೆರೆದ ಹಾಗೆ, ಪೀಟ್ ಗ್ಲಾಸಿನಲ್ಲಿ ಆರಿದ ಒಲೆಯ ಬೂದಿಯ ಹಾಗೆ. ಯಾವ ಗ್ಲಾಸನ್ನು ಮತ್ತೆ ಮತ್ತೆ ಮೂಸಬೇಕು ಅನ್ನಿಸಿತೋ ಅದನ್ನು ಗುರುತು ಹಾಕಿಕೊಳ್ಳಿ.

4. ನೀರು ಹಾಕಿ ಇನ್ನೊಮ್ಮೆ ನೋಡಿ

'ಸಿಂಗಲ್ ಮಾಲ್ಟ್‌ಗೆ ನೀರು ಹಾಕೋದಾ? ಛೆ!' ಅನ್ನುವವರ ಮಾತು ಕೇಳಬೇಡಿ. ವಿಸ್ಕಿ ಮಾಡುವವರೇ ಪೀಪಾಯಿಯಿಂದ ತೆಗೆದದ್ದಕ್ಕೆ ನೀರು ಬೆರೆಸಿ ಬಾಟಲಿಗೆ ತುಂಬುತ್ತಾರೆ. ನೀವು ಇನ್ನೊಂದು ಚಮಚ ಹಾಕಿದರೆ ಪ್ರಪಂಚ ಮುಳುಗುವುದಿಲ್ಲ. ಆಲ್ಕೋಹಾಲ್ ಜಾಸ್ತಿ ಇದ್ದಾಗ ನಾಲಿಗೆ ಜೋಮು ಹಿಡಿಯುತ್ತದೆ. ಸ್ವಲ್ಪ ನೀರು ಬಿದ್ದರೆ ಉರಿ ಇಳಿದು ಹಿಂದಿದ್ದ ವಾಸನೆಗಳು ಮುಂದೆ ಬರುತ್ತವೆ.

ಅಳತೆ ಹೀಗೆ. ಒಂದು ಟೀ ಚಮಚ ಅಂದರೆ 5 ಎಂಎಲ್. 30 ಎಂಎಲ್ ವಿಸ್ಕಿ 46 ಶೇಕಡದ್ದಾದರೆ ಒಂದು ಚಮಚ ನೀರಿಗೆ 40ಕ್ಕೆ ಹತ್ತಿರ ಇಳಿಯುತ್ತದೆ. ಅಮೃತ್ ಫ್ಯೂಶನ್‌ನಂತೆ 50 ಶೇಕಡ ಇದ್ದರೆ ಒಂದೂವರೆ ಚಮಚ. ಒಂದೇ ಸಲ ಸುರಿಯಬೇಡಿ. ಕಾಲು ಚಮಚ, ಒಂದು ಗುಟುಕು, ಮತ್ತೆ ಕಾಲು ಚಮಚ. 46 ಅಥವಾ ಅದಕ್ಕಿಂತ ಹೆಚ್ಚಿನ ವಿಸ್ಕಿಗೆ ನೀರು ಹಾಕಿದಾಗ ಸ್ವಲ್ಪ ಮಬ್ಬಾದರೆ ಗಾಬರಿ ಬೇಡ. ನಾನ್ ಚಿಲ್ ಫಿಲ್ಟರ್ಡ್ ಅಂತ ಬರೆದಿದ್ದರೆ ಹಾಗಾಗುವುದು ಸಹಜ. ಚಳಿಗೆ ತೆಂಗಿನೆಣ್ಣೆ ಗಟ್ಟಿಯಾಗುತ್ತದಲ್ಲ, ಹಾಗೆ ವಿಸ್ಕಿಯೊಳಗಿನ ಜಿಡ್ಡಿನಂಶ ಒಟ್ಟುಗೂಡಿ ಮಬ್ಬಾಗುತ್ತದೆ. ಉಳಿದ ಕಂಪನಿಗಳು ಅದನ್ನು ಮೊದಲೇ ತಣ್ಣಗೆ ಮಾಡಿ ಸೋಸಿ ತೆಗೆದಿರುತ್ತವೆ.

ಐಸ್? ಬೇಸಿಗೆಯಲ್ಲಿ ನಾನೂ ಹಾಕುತ್ತೇನೆ. ಆದರೆ ತಂಪು ವಾಸನೆಯನ್ನು ಅದುಮಿಬಿಡುತ್ತದೆ. ರುಚಿ ನೋಡುವ ದಿನ ಬೇಡ, ಉಳಿದ ದಿನ ನಿಮ್ಮಿಷ್ಟ.

5. ಈಗ ಯಾವ ಶೆಲ್ಫಿಗೆ ಹೋಗಬೇಕು?

ಬರ್ಬನ್ ಪೀಪಾಯಿಯ ಗ್ಲಾಸು ಹಿಡಿಸಿತೇ? ನಿಮ್ಮದು ವೆನಿಲ್ಲಾ, ಜೇನು, ಹಣ್ಣಿನ ದಾರಿ. ಮೊದಲ ಹಂತದಲ್ಲಿ ಒಬ್ಬಟ್ಟು, ಖೋವಕ್ಕೆ ಟಿಕ್ ಹಾಕಿದವರು ಸಾಮಾನ್ಯವಾಗಿ ಇಲ್ಲಿಗೇ ಬರುತ್ತಾರೆ. ಗ್ಲೆನ್‌ಲಿವೆಟ್ 12, ಪಾಲ್ ಜಾನ್ ಬ್ರಿಲಿಯನ್ಸ್, ಹೊಗೆಯಿಲ್ಲದ ಅಮೃತ್ ಇಂಡಿಯನ್ ಸಿಂಗಲ್ ಮಾಲ್ಟ್ ಇಲ್ಲಿಯವು. ಸಿಹಿ ಇನ್ನೂ ಜಾಸ್ತಿ ಬೇಕಾದರೆ ನೇರ ಬರ್ಬನ್ನಿಗೇ ಹೋಗಿ, ಜಿಮ್ ಬೀಮ್ ಅಥವಾ ಮೇಕರ್ಸ್ ಮಾರ್ಕ್.

ಶೆರಿ ಹಿಡಿಸಿದರೆ ಅಂಜೂರ, ಖರ್ಜೂರ, ಪ್ಲಮ್ ಕೇಕಿನ ದಾರಿ. ಗ್ಲೆನ್‌ಡ್ರೊನಾಕ್, ಅಬರ್ಲೋರ್, ಮೆಕಾಲನ್. ಈ ಶೆಲ್ಫು ಜೇಬಿಗೆ ಭಾರ. ಶೆರಿ ಪೀಪಾಯಿಯ ರೇಟೇ ಜಾಸ್ತಿ, ಅದು ಬಾಟಲಿಗೂ ಬರುತ್ತದೆ. ಎರಡೂ ಪೀಪಾಯಿ ಬಳಸಿದ ಬಲ್ವೆನಿ ಡಬಲ್‌ವುಡ್ 12 ನಡುದಾರಿ.

ಹೊಗೆ ಹಿಡಿಸಿತೇ? ಇಲ್ಲಿ ಮಾತ್ರ ಮೆಟ್ಟಿಲು ಮೆಟ್ಟಿಲಾಗಿ ಹತ್ತಿ. ಬ್ಲ್ಯಾಕ್ ಲೇಬಲ್ ಮತ್ತು ಟೀಚರ್ಸ್‌ನಲ್ಲಿ ಹೊಗೆ ದೂರದಲ್ಲಿರುತ್ತದೆ. ಪಾಲ್ ಜಾನ್ ಎಡಿಟೆಡ್, ಹೈಲ್ಯಾಂಡ್ ಪಾರ್ಕ್ 12 ಮುಂದಿನ ಮೆಟ್ಟಿಲು. ಅಮೃತ್ ಫ್ಯೂಶನ್ ಕೂಡ ಇಲ್ಲೇ. ಅದರಲ್ಲಿ ಭಾರತದ ಬಾರ್ಲಿಯ ಜೊತೆ ಸ್ಕಾಟ್ಲೆಂಡಿನಿಂದ ತರಿಸಿದ ಪೀಟ್ ಬಾರ್ಲಿಯನ್ನು ಸೇರಿಸಿದ್ದಾರೆ. ಆಮೇಲೆ ಕರಿಮೆಣಸಿನ ಖಾರವಿರುವ ಟ್ಯಾಲಿಸ್ಕರ್ 10. ತುದಿಯಲ್ಲಿ ಐಲಾ ದ್ವೀಪದ ಲಗವೂಲಿನ್, ಲಫ್ರೋಯ್ಗ್, ಆರ್ಡ್‌ಬೆಗ್. ಬಾರ್ಲಿಗೆ ಹಿಡಿದ ಹೊಗೆಯನ್ನು ಪಿಪಿಎಂ, ಅಂದರೆ ಹತ್ತು ಲಕ್ಷದಲ್ಲಿ ಎಷ್ಟು ಭಾಗ, ಅನ್ನುವ ಅಳತೆಯಲ್ಲಿ ಹೇಳುತ್ತಾರೆ. ಲಗವೂಲಿನ್ ಸುಮಾರು 35, ಆರ್ಡ್‌ಬೆಗ್ ಸುಮಾರು 55. ಅಂಕಿ ದೊಡ್ಡದಾದಷ್ಟೂ ಗಂಡಸುತನ ಜಾಸ್ತಿ ಅಂತ ಪಂದ್ಯ ಕಟ್ಟುವವರಿದ್ದಾರೆ. ಅವರ ಟೇಬಲ್ಲಿನಿಂದ ಸ್ವಲ್ಪ ದೂರ ಕೂರಿ.

ಮಸಾಲೆಗೆ ಟಿಕ್ ಹಾಕಿದ್ದರೆ ರೈ ವಿಸ್ಕಿ ಹುಡುಕಿ. ರೈ ಅನ್ನುವುದು ಗೋಧಿಯ ಹತ್ತಿರದ ಧಾನ್ಯ. ಅಮೆರಿಕದ ರೈ ವಿಸ್ಕಿಯಲ್ಲಿ ಅದು 51 ಶೇಕಡ ಇರಲೇಬೇಕು. ಲವಂಗ, ಮೆಣಸಿನ ಚುರುಕು ಚೆನ್ನಾಗಿ ಗೊತ್ತಾಗುತ್ತದೆ. ಯಾವುದೂ ಹಿಡಿಸಲಿಲ್ಲ, ಎಲ್ಲವೂ ಘಾಟು ಅನ್ನಿಸಿತು ಅನ್ನುವವರು ಜೇಮ್ಸನ್ನಿನಂಥ ಐರಿಶ್‌ನಿಂದ ಶುರು ಮಾಡಿ. ಅದೂ ಆಗಲಿಲ್ಲವಾ? ನಿಮಗೆ ವಿಸ್ಕಿ ಬೇಡ, ಅಷ್ಟೇ. ದುಡ್ಡು ಉಳಿಯಿತು.

ಬೆಂಗಳೂರಿನ ಬಾಟಲಿಯನ್ನು ಮತ್ತೆ ಮತ್ತೆ ಹೇಳುತ್ತಿರುವುದು ಊರಿನ ಅಭಿಮಾನಕ್ಕೆ ಮಾತ್ರ ಅಲ್ಲ. ಅಮೃತ್ ಕಂಪನಿ ಶುರುವಾದದ್ದು 1948ರಲ್ಲಿ. ತನ್ನ ಸಿಂಗಲ್ ಮಾಲ್ಟನ್ನು ಅದು ಮೊದಲು ಮಾರಲು ಇಟ್ಟದ್ದು 2004ರಲ್ಲಿ, ಅದೂ ಸ್ಕಾಟ್ಲೆಂಡಿನ ಗ್ಲಾಸ್ಗೋದಲ್ಲಿ! ವಿಸ್ಕಿ ವಿಮರ್ಶಕ ಜಿಮ್ ಮರ್ರೆ 2010ರ ತಮ್ಮ ಕೈಪಿಡಿಯಲ್ಲಿ ಫ್ಯೂಶನ್‌ಗೆ ಜಗತ್ತಿನಲ್ಲೇ ಮೂರನೇ ಸ್ಥಾನ ಕೊಟ್ಟರು. ಪಾಲ್ ಜಾನ್ ತಯಾರಾಗುವುದು ಗೋವಾದಲ್ಲಿ, ಕಂಪನಿ ಬೆಂಗಳೂರಿನದು. ಬಿಸಿಲಿನ ನಾಡಿನ ವಿಸ್ಕಿಯಲ್ಲಿ ಮರದ ರುಚಿ ಮುಂದೆ ನಿಂತು ಮಾತಾಡುತ್ತದೆ. ನಮ್ಮ ಖಾರದ ನಾಲಿಗೆಗೆ ಅದು ಬೇಗ ಹಿಡಿಸುತ್ತದೆ ಅನ್ನುವುದು ನನ್ನ ಅನುಭವ.

6. ಅಂಗಡಿಯಲ್ಲಿ ಎಚ್ಚರ

ಕೌಂಟರಿನ ಹುಡುಗ 'ಸಾರ್, ಇದು ಚೆನ್ನಾಗಿ ಮೂವ್ ಆಗ್ತಿದೆ' ಅಂದರೆ ಅದು ಅವನ ಸ್ಟಾಕಿನ ಸುದ್ದಿ, ನಿಮ್ಮ ರುಚಿಯದ್ದಲ್ಲ. ಚೀಟಿಯಲ್ಲಿ ಹೆಸರು ಬರೆದುಕೊಂಡೇ ಹೋಗಿ. ಚಿಕ್ಕ ಬಾಟಲಿ ಇದ್ದರೆ ಮೊದಲು ಅದನ್ನೇ ಕೊಳ್ಳಿ. ಬ್ಲೆಂಡೆಡ್ ಸ್ಕಾಚ್‌ಗಳಲ್ಲಿ ಕೆಲವು 180 ಎಂಎಲ್‌ನಲ್ಲೂ ಸಿಗುತ್ತವೆ.

'ಬಾಟಲ್ಡ್ ಇನ್ ಇಂಡಿಯಾ' ಅಂತ ಇದ್ದರೆ ಡೂಪ್ಲಿಕೇಟ್ ಅಲ್ಲ. ಬ್ಲೆಂಡೆಡ್ ಸ್ಕಾಚನ್ನು ದೊಡ್ಡ ಪ್ರಮಾಣದಲ್ಲಿ ತರಿಸಿ ಇಲ್ಲಿ ತುಂಬುತ್ತಾರೆ. ಆದರೆ ಸಿಂಗಲ್ ಮಾಲ್ಟ್ ಸ್ಕಾಚನ್ನು 2012ರ ಕೊನೆಯಿಂದ ಸ್ಕಾಟ್ಲೆಂಡಿನಲ್ಲೇ ಬಾಟಲಿಗೆ ತುಂಬಬೇಕು ಅನ್ನುವ ಕಾನೂನಿದೆ. ಹಾಗಾಗಿ ಸಿಂಗಲ್ ಮಾಲ್ಟ್ ಸ್ಕಾಚ್ ಅಂತ ಹೇಳಿಕೊಂಡು ಇಲ್ಲೇ ತುಂಬಿದ್ದು ಅಂತ ಲೇಬಲ್ ಇದ್ದರೆ ಕೈ ಹಾಕಬೇಡಿ.

'ಮಿಲಿಟ್ರಿ ಸರಕು', 'ಏರ್‌ಪೋರ್ಟ್‌ನಿಂದ ಬಂದದ್ದು, ಅರ್ಧ ರೇಟು' ಅಂತ ಫೋನಿನಲ್ಲಿ ಮಾರುವವರಿಂದ ದೂರ ಇರಿ. ಖಾಲಿ ಬಾಟಲಿಗೆ ಬೇರೇನೋ ತುಂಬಿ ಮಾರುವ ದಂಧೆ ಇದೆ. ಕಾನೂನಿನ ಪ್ರಕಾರವೂ ಅದು ತಪ್ಪು. ಮುಚ್ಚಳದ ಮೇಲೆ ಅಬಕಾರಿ ಇಲಾಖೆಯ ಚೀಟಿ ಹರಿಯದೆ ಇದೆಯೇ ನೋಡಿ, ಬಿಲ್ ತಗೊಳ್ಳಿ. ಪಾರ್ಟಿ ಮುಗಿದ ಮೇಲೆ ದುಬಾರಿ ಖಾಲಿ ಬಾಟಲಿಯನ್ನು ಗುಜರಿಗೆ ಹಾಕುವ ಮುಂಚೆ ಲೇಬಲ್ಲನ್ನು ಗೀಚಿಬಿಡಿ.

ವಿದೇಶದಿಂದ ಬರುವವರು ತಲಾ 2 ಲೀಟರ್ ಮಾತ್ರ ಸುಂಕವಿಲ್ಲದೆ ತರಬಹುದು. ಭಾವನವರಿಗೆ ನಾಲ್ಕು ಬಾಟಲಿಯ ಪಟ್ಟಿ ಕಳಿಸಬೇಡಿ. ಇಲ್ಲೇ ಸಿಗುವುದನ್ನು ಅಲ್ಲಿಂದ ತರಿಸುವುದಕ್ಕಿಂತ ಇಲ್ಲಿ ಸಿಗದ್ದನ್ನು ಕೇಳಿ. ಗಿಫ್ಟ್ ಕೊಡುವುದಾದರೆ ಹೊಗೆಯದು ಬೇಡವೇ ಬೇಡ. ಅವರ ರುಚಿ ಗೊತ್ತಿಲ್ಲದಿದ್ದರೆ ಐದನೇ ಹಂತದ ಮೊದಲ ಶೆಲ್ಫಿನಿಂದ ಒಂದು ಎತ್ತಿಕೊಳ್ಳಿ, ಅಥವಾ ಬಲ್ವೆನಿ.

7. ಮನೆಗೆ ತಂದ ಮೇಲೆ

ಪೆಗ್ಗಿನ ಲೆಕ್ಕ ಇಟ್ಟುಕೊಳ್ಳಿ. 42.8ರ ಒಂದು ಲಾರ್ಜ್, ಅಂದರೆ 60 ಎಂಎಲ್‌ನಲ್ಲಿ ಸುಮಾರು 20 ಗ್ರಾಂ ಶುದ್ಧ ಆಲ್ಕೋಹಾಲ್ ಇರುತ್ತದೆ. 50ರ ವಿಸ್ಕಿಯಾದರೆ ಅದೇ ಗ್ಲಾಸಿನಲ್ಲಿ 24 ಗ್ರಾಂ ಹತ್ತಿರ. 'ಎರಡೇ ಪೆಗ್ ಹಾಕಿದ್ದು' ಅನ್ನುವವರು ಯಾವುದರ ಎರಡು ಅಂತ ನೋಡಿಕೊಳ್ಳಬೇಕು. ಗಾಡಿ ಓಡಿಸುವವರ ರಕ್ತದ 100 ಎಂಎಲ್‌ನಲ್ಲಿ 30 ಮಿಲಿಗ್ರಾಂ ದಾಟಿದರೆ ಕೇಸು. ರುಚಿ ನೋಡಲು ಬಾರಿಗೆ ಹೋದ ದಿನವೂ ಆಟೋದಲ್ಲೇ ಹೋಗಿ ಆಟೋದಲ್ಲೇ ಬನ್ನಿ.

ಬಾಟಲಿಯನ್ನು ನಿಲ್ಲಿಸಿಯೇ ಇಡಿ. ವೈನಿನ ಹಾಗೆ ಮಲಗಿಸಿದರೆ ಆಲ್ಕೋಹಾಲ್ ಬಿರಡೆಯನ್ನು ತಿಂದುಹಾಕುತ್ತದೆ. ಷೋಕೇಸಿನ ಲೈಟು, ಕಿಟಕಿಯ ಬಿಸಿಲು ಬೇಡ. ಬಟ್ಟೆ ಬೀರುವಿನ ತಳವೇ ಒಳ್ಳೆ ಜಾಗ. ಮುಚ್ಚಿದ ಬಾಟಲಿ ವರ್ಷಗಟ್ಟಲೆ ಹಾಗೇ ಇರುತ್ತದೆ. ತೆರೆದ ಮೇಲೆ ಗಾಳಿ ತಾಗಿ ನಿಧಾನವಾಗಿ ರುಚಿ ಸಪ್ಪೆಯಾಗುತ್ತದೆ. ಕಾಲು ಭಾಗಕ್ಕೆ ಇಳಿದರೆ, ಬೇಗ ಮುಗಿಸುವ ಯೋಚನೆ ಇಲ್ಲದಿದ್ದರೆ, ತೊಳೆದು ಪೂರ್ತಿ ಒಣಗಿಸಿದ 180ರ ಗಾಜಿನ ಬಾಟಲಿಗೆ ಕುತ್ತಿಗೆವರೆಗೆ ತುಂಬಿ ಬಿಗಿಯಾಗಿ ಮುಚ್ಚಿ. ಮೇಲೆ ಹೆಸರು ಬರೆದು ಅಂಟಿಸುವುದು ಮರೆಯಬೇಡಿ. ನಮ್ಮ ಮನೆಯಲ್ಲಿ ಒಮ್ಮೆ ಅಂಥ ಬಾಟಲಿಯನ್ನು ಯಾರೋ ವಿನೆಗರ್ ಅಂತ ಗೋಬಿ ಮಂಚೂರಿಗೆ ಹಾಕಿಬಿಟ್ಟರು.